ಎರಡು ಮೊರದ ನಡುವೆ ಒಂದು ಲಾರಿ

ಹೋದ ತಿಂಗಳು ನಮ್ಮಣ್ಣ ಫೋನ್ ಮಾಡಿ ನನ್ನ ಸಲಹೆ ಕೇಳಿದ. ಅನುಮಾನ ಶುರುವಾಗಿದ್ದೇ ಅಲ್ಲಿಂದ.

ನಮ್ಮಣ್ಣ ಶಿವಣ್ಣ ಯಾರನ್ನೂ ಏನನ್ನೂ ಕೇಳುವ ಪೈಕಿ ಅಲ್ಲ. ಹೆಣ್ಣು ನೋಡುವುದಕ್ಕೆ ಒಬ್ಬನೇ ಹೋಗಿ, ಒಪ್ಪಿ ಬಂದು, ಆಮೇಲೆ ಅಪ್ಪನಿಗೆ ಹೇಳಿದವನು. ದುದ್ದದ ಹತ್ತಿರ ನಮ್ಮೂರಲ್ಲಿ ಮನೆ ಕಟ್ಟಿಸುವಾಗ ಮೇಸ್ತ್ರಿಯ ಮಾತನ್ನೂ ಕೇಳಲಿಲ್ಲ. (ಅದಕ್ಕೇ ಆ ಮನೆಯ ಬಚ್ಚಲು ಅಡುಗೆಮನೆಗಿಂತ ದೊಡ್ಡದು.) ಅಂಥವನು ಬೆಳಗ್ಗೆ ಬೆಳಗ್ಗೆ ಫೋನ್ ಮಾಡಿ, "ಕೂಸೇ, ಹಳೇ ಗಾಡೀನೇ ಮಡಿಕ್ಕಳ್ಳದೋ, ಹೊಸದು ತಗಳದೋ? ನೀನು ಓದಿದೋಳು, ನೀನೇ ಯೋಳು" ಅಂದರೆ ಏನರ್ಥ?

ನಾನು ಅನುಮಾನದ ಹೆಂಗಸು ಅಂತ ಈ ಅಂಕಣ ಓದುವ ನಿಮಗೆಲ್ಲ ಗೊತ್ತೇ ಇದೆ. ಎಳನೀರಿನವನು ಕಾಯಿ ಬಡಿದು ನೋಡಿ "ಗಂಜಿ ಇದೆ" ಅಂದರೆ, ಇನ್ನೊಂದು ಸಲ ನಾನೇ ಬಡಿದು ನೋಡುತ್ತೇನೆ. ಪೊಲೀಸ್ ಇಲಾಖೆಗೆ ದೊಡ್ಡ ನಷ್ಟವಾಯಿತು ಅಂತ ನನ್ನ ಗಂಡ ಹೇಳುತ್ತಿರುತ್ತಾರೆ. ಹೇಳಲಿ. ಮಂಡ್ಯದಲ್ಲಿ ಮನೆ ಮಾಡಿಕೊಂಡು, ದಿನಾ ಬಸ್ಸಲ್ಲಿ ಭಾರತೀನಗರಕ್ಕೆ ಹೋಗಿ ಕಾಲೇಜಿನಲ್ಲಿ ಪಾಠ ಮಾಡುವವಳು ಅನುಮಾನ ಇಲ್ಲದೆ ಬದುಕಲು ಆಗುತ್ತದೆಯೇ?

ನಾನು ಕಂಡುಕೊಂಡ ಒಂದು ಸತ್ಯ ಹೇಳುತ್ತೇನೆ. ಸಲಹೆ ಕೇಳುವವನು ತೀರ್ಮಾನ ಮಾಡಿಕೊಂಡೇ ಬಂದಿರುತ್ತಾನೆ. ಅವನಿಗೆ ಬೇಕಾಗಿರುವುದು ಸಲಹೆ ಅಲ್ಲ, ಸಾಕ್ಷಿ.

"ನಿನಗೇನು ಅನ್ನಿಸುತ್ತೆ?" ಅಂತ ಕೇಳಿದೆ.

"ಹಳೇದೇ ಸರಿ ಕಣಮ್ಮಿ. ಇಪ್ಪತ್ತು ವರ್ಸದಿಂದ ನನ್ ಕೈಕಾಲಿದ್ದಂಗೆ ಅದೆ ಅದು. ನೀನೂ ಅಂಗೇ ಅಂತ ನಿಮ್ಮತ್ತಿಗೇಗೆ ಒಂದು ಮಾತು ಯೋಳ್ಬುಡು."

ನೋಡಿದಿರಾ?

ಲಾರಿಯ ವಿಷಯ ಸ್ವಲ್ಪ ಹೇಳಬೇಕು. ಸುಗ್ಗಿಯಲ್ಲಿ ಅದು ಭಾರತೀನಗರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುತ್ತದೆ. ಉಳಿದ ದಿನ ಮದ್ದೂರಿನಿಂದ ಎಳನೀರು. ಇವೆರಡರ ನಡುವೆ ಬೀಗರೂಟ. ಮದುವೆ ಮುಗಿದ ಮೇಲೆ ನಡೆಯುವ ಮಾಂಸದೂಟಕ್ಕೆ ನಮ್ಮ ಕಡೆ ಊರಿಗೆ ಊರೇ ಲಾರಿ ಹತ್ತುತ್ತದೆ. ಹೆಂಗಸರು, ಮಕ್ಕಳು, ಊಟದ ಮೇಲೆ ಜಗಳ ಆಡಲು ತಯಾರಾಗಿ ಬಂದ ದಾಯಾದಿಗಳು, ಎಲ್ಲರೂ. ಲಾರಿ ಇಟ್ಟುಕೊಂಡವನು ಇಲ್ಲ ಅನ್ನುವ ಹಾಗಿಲ್ಲ. ಡ್ರೈವರ್ ಬೇರೆ ಯಾರೂ ಇಲ್ಲ, ಅಣ್ಣನೇ. ಊರಲ್ಲಿ ಅವನ ಹೆಸರೇ ಲಾರಿ ಶಿವಣ್ಣ.

ಸಮಸ್ಯೆ ಶುರುವಾದದ್ದು ನಾಲೆ ಏರಿಯ ಮೇಲೆ. ಒಂದು ದಿನ ಸಂಜೆ ಲಾರಿ ಮೋರಿಯ ಕಲ್ಲಿಗೆ ಉಜ್ಜಿಕೊಂಡು ಹೋಗಿ ಎಡಗಡೆಯ ತಗಡು ಕಿತ್ತುಬಂತು. ಇನ್ನೊಂದು ಗೇಣು ಆಚೆ ಹೋಗಿದ್ದರೆ ಲಾರಿಯೂ ಅಣ್ಣನೂ ನೀರಿನಲ್ಲಿರುತ್ತಿದ್ದರು. "ಬೈಕ್ನೋನು ಅಡ್ಡ ಬಂದ" ಅಂತ ಅಣ್ಣ ಹೇಳಿದ. ಯಾವ ಬೈಕು, ಯಾರ ಬೈಕು ಅಂತ ಕೇಳಿದರೆ ಮಾತು ಬದಲಾಯಿಸಿದ. ಅಲ್ಲಿಂದ ಅತ್ತಿಗೆ ಜಯಮ್ಮ ಸರಿಯಾಗಿ ಊಟ ಮಾಡಿಲ್ಲ.

ಅಣ್ಣ ಫೋನ್ ಇಟ್ಟ ಐದೇ ನಿಮಿಷಕ್ಕೆ ಅತ್ತಿಗೆಯ ಫೋನ್ ಬಂತು. "ನಿಮ್ಮಣ್ಣಂಗೆ ಯೋಳವ್ವ. ಆ ಗಾಡಿಗೆ ವಯಸ್ಸಾಗದೆ. ಒಂದಿನ ಅದು ಇವರ ಜೀವ ತಗತದೆ. ಗಾಡಿ ಸದ್ದು ಕೇಳೋಗಂಟ ನಂಗೆ ಉಸಿರು ಬರಕಿಲ್ಲ." ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಬರಲಿಲ್ಲ. ಅತ್ತಿಗೆ ಅಳುತ್ತಿದ್ದಳು.

ಸರಿ, ವಿಚಾರಣೆ ಶುರು ಮಾಡಿದೆ.

ಮೊದಲು ಹೋಗಿದ್ದು ಮಂಡ್ಯದ ಮೆಕ್ಯಾನಿಕ್ ಬಾಬು ಹತ್ತಿರ. ಆ ಲಾರಿಯನ್ನು ಹುಟ್ಟಿದಾಗಿನಿಂದ ನೋಡಿಕೊಂಡವನು. "ಮೇಡಂ, ಈ ಎಂಜಿನ್ ಈಗ ಸಿಗಲ್ಲ. ಇನ್ನೂ ಹತ್ತು ವರ್ಷ ಓಡುತ್ತೆ. ಹೊಸ ಗಾಡಿ ಅಂದ್ರೆ ಬರೀ ವೈರು, ಸೆನ್ಸಾರು. ಮಳೆ ಬಂದ್ರೆ ನಿಂತೋಗುತ್ತೆ" ಅಂದ. ಅವನು ಹಾಗೆ ಹೇಳದೆ ಇನ್ನೇನು ಹೇಳುತ್ತಾನೆ? ಆ ಲಾರಿ ಕೆಟ್ಟಾಗಲೆಲ್ಲ ಅವನ ಮನೆಯಲ್ಲಿ ಹಬ್ಬ. ಹೊಸ ಲಾರಿ ಬಂದರೆ ಅದರ ಬಾನೆಟ್ ಎತ್ತುವುದಕ್ಕೂ ಕಂಪ್ಯೂಟರ್ ಬೇಕು.

ಆಮೇಲೆ ಅತ್ತಿಗೆಯ ತಮ್ಮ ಸುರೇಶ. ಮದ್ದೂರಿನ ಒಂದು ಷೋರೂಮಿನಲ್ಲಿ ಸೇಲ್ಸ್ ಕೆಲಸ. "ಅಕ್ಕ, ಭಾವಂಗೆ ಸೇಫ್ಟಿ ಮುಖ್ಯ ಅಲ್ವಾ? ಹೊಸದ್ರಲ್ಲಿ ಕ್ಯಾಮೆರಾ ಇದೆ, ಸ್ಕ್ರೀನ್ ಇದೆ, ಸೀಟು ಸೋಫಾ ಥರ" ಅಂದ. ಭಾವನ ಜೀವದ ಮೇಲೆ ಅವನಿಗೆ ಇಷ್ಟು ಪ್ರೀತಿ ಹೋದ ಯುಗಾದಿಯಲ್ಲಿ ಇರಲಿಲ್ಲ. ಆಗ ಅವನು ಮೊಬೈಲ್ ಅಂಗಡಿಯಲ್ಲಿದ್ದ. ಆಗ ಭಾವನಿಗೆ ಹೊಸ ಫೋನ್ ಮುಖ್ಯವಾಗಿತ್ತು.

ಹೊಸದು ತಗೋ ಅನ್ನುವವನಿಗೆ ಮಾರುವ ಆಸೆ. ಹಳೇದು ಇಟ್ಟುಕೋ ಅನ್ನುವವನಿಗೆ ರಿಪೇರಿ ಆಸೆ. ಊರಿನವರನ್ನು ಕೇಳಿದರೆ ಅವರದು ಇನ್ನೊಂದು. "ಹಳೇದೇ ಚಂದ ಬುಡವ್ವ, ಹೊಸ ಗಾಡೀಗೆ ನಮ್ಮನ್ನ ಹತ್ತುಸ್ಕಂಡಾನಾ?" ಅಂತ ಒಬ್ಬ ಮುದುಕಪ್ಪ ನೇರವಾಗಿ ಹೇಳಿಬಿಟ್ಟ. ಇದ್ದುದರಲ್ಲಿ ಅವನೊಬ್ಬನೇ ಪ್ರಾಮಾಣಿಕ. ಲಾಭ ಇಲ್ಲದೆ ಬಾಯಿ ಬಿಡುವ ಒಬ್ಬ ಸಲಹೆಗಾರ ನಿಮಗೆ ಸಿಕ್ಕಿದ್ದಾನೆಯೇ? ನನಗಂತೂ ಸಿಕ್ಕಿಲ್ಲ.

ಆದರೆ ಅಣ್ಣನಿಗೆ ಏನು ಲಾಭ? ಅದೇ ಬಗೆಹರಿಯಲಿಲ್ಲ. ನಾಲೆಗೆ ಬೀಳಬೇಕಾಗಿದ್ದ ಲಾರಿಯನ್ನು ಯಾರಾದರೂ ಅಪ್ಪಿಕೊಂಡು ಕೂರುತ್ತಾರೆಯೇ?

ಅಷ್ಟರಲ್ಲಿ ಅತ್ತಿಗೆ ಇನ್ನೊಂದು ಸುಳಿವು ಕೊಟ್ಟಳು. ಸುಗ್ಗಿ ಶುರುವಾದಾಗಿನಿಂದ ಅಣ್ಣ ಎಷ್ಟೋ ರಾತ್ರಿ ಮನೆಗೇ ಬರುವುದಿಲ್ಲ. ಕಬ್ಬು ಇಳಿಸಿ ಕಾರ್ಖಾನೆ ಹತ್ತಿರವೇ ಲಾರಿಯಲ್ಲಿ ಮಲಗಿ, ಬೆಳಗ್ಗೆ ಬರುತ್ತಾನೆ. ಕೇಳಿದರೆ "ಎಡ್‌ಲೈಟು ಮಂಕು" ಅನ್ನುತ್ತಾನೆ. ಬಾಬುವನ್ನು ಕೇಳಿದೆ. ಬಲ್ಬು ಬದಲಾಯಿಸಿ ಬದಲಾಯಿಸಿ ಸಾಕಾಗಿದೆ, ಈಗಿರುವ ಲೈಟಿಗೆ ಎದುರಿನ ಗಾಡಿಯವರು ಬೈಯುತ್ತಾರೆ ಅಂದ.

ಇನ್ನೇನು ಬೇಕು? ನಾನೂ ಅತ್ತಿಗೆಯೂ ಫೋನಿನಲ್ಲೇ ತೀರ್ಪು ಕೊಟ್ಟೆವು. ಇಸ್ಪೀಟು. (ಅತ್ತಿಗೆಯ ಮನಸ್ಸಿನಲ್ಲಿ ಇನ್ನೂ ಕೆಟ್ಟದ್ದು ಇತ್ತು. ಇಬ್ಬರೂ ಬಾಯಿ ಬಿಡಲಿಲ್ಲ.)

ಒಂದು ದಿನ ಕಾಲೇಜು ಮುಗಿಸಿಕೊಂಡು, ಬಸ್ ಸ್ಟ್ಯಾಂಡಿಗೆ ಹೋಗದೆ ಕಾರ್ಖಾನೆ ರಸ್ತೆಗೆ ನಡೆದೆ. ಸೂರ್ಯ ಇಳಿಯುತ್ತಿದ್ದ. ಕಬ್ಬಿನ ಗಾಡಿಗಳ ಸಾಲು, ಅಲ್ಲೊಂದು ಟೀ ಗೂಡಂಗಡಿ. ಅಣ್ಣನ ಲಾರಿ ಖಾಲಿಯಾಗಿ ಬೇವಿನ ಮರದ ಕೆಳಗೆ ನಿಂತಿತ್ತು. ಅವನು ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತಿದ್ದ. ಇಸ್ಪೀಟೂ ಇಲ್ಲ, ಬಾಟಲಿಯೂ ಇಲ್ಲ, ಹೆಂಗಸೂ ಇಲ್ಲ. ಕೈಯಲ್ಲಿ ಟೀ ಲೋಟ.

ನಾನು ಎದುರಿಗೇ ಹೋದೆ. ಅವನು ನನ್ನನ್ನೇ ನೋಡಿದ. ನೋಡಿ, ಮುಖ ಆ ಕಡೆ ತಿರುಗಿಸಿಕೊಂಡ.

ನನಗೆ ಮೈ ಉರಿದುಹೋಯಿತು. ಒಡಹುಟ್ಟಿದವಳನ್ನು ಕಂಡೂ ಕಾಣದವನ ಹಾಗೆ ಇರುತ್ತಾನಲ್ಲ, ಎಷ್ಟು ಕೊಬ್ಬು? "ಅಣ್ಣ" ಅಂತ ಕೂಗಿದೆ. ಬೆಚ್ಚಿಬಿದ್ದು, "ಓ, ನೀನಾ ಕೂಸೇ" ಅಂದ.

"ಮನೆಗೆ ಹೋಗೋಕೆ ಏನು ಕಷ್ಟ ನಿನಗೆ? ಇನ್ನೂ ಬೆಳಕಿದೆ."

"ಅಲ್ಲೀಗಂಟ ಓಗೋ ಒತ್ಗೆ ಕತ್ಲಾಯ್ತದೆ. ಸುಮ್ಕೆ ಯಾಕೆ ರಿಸ್ಕು?" ಅಂದ.

ಇಪ್ಪತ್ತು ವರ್ಷ ಎಳನೀರು ತುಂಬಿಕೊಂಡು ಘಾಟಿ ಇಳಿದವನ ಬಾಯಲ್ಲಿ ರಿಸ್ಕ್ ಅನ್ನುವ ಮಾತು! ಇವನು ಏನೋ ಮುಚ್ಚಿಡುತ್ತಿದ್ದಾನೆ ಅನ್ನುವುದು ನೂರಕ್ಕೆ ನೂರು ಖಾತ್ರಿಯಾಯಿತು. ಲಾರಿಯನ್ನು ಯಾರಿಗೋ ಮಾತು ಕೊಟ್ಟಿದ್ದಾನಾ? ಅದರ ಮೇಲೆ ಏನಾದರೂ ಕೇಸು ಇದೆಯಾ? ಬಸ್ಸಿನಲ್ಲಿ ಮಂಡ್ಯ ಸೇರುವಷ್ಟರಲ್ಲಿ ನನ್ನ ತಲೆಯಲ್ಲಿ ನಾಲ್ಕು ಎಫ್‌ಐಆರ್ ತಯಾರಾಗಿದ್ದವು.

ಅಣ್ಣ ಅತ್ತಿಗೆಯ ಜಗಳ ಹರಿಯಲಿಲ್ಲ. ಕೊನೆಗೆ ಅತ್ತಿಗೆ, "ನಂದೂ ಬ್ಯಾಡ, ನಿಂದೂ ಬ್ಯಾಡ, ಬಸಪ್ಪನ್ನ ಕರೆಸುಮಾ" ಅಂದಳು. ಅಣ್ಣ ಒಪ್ಪಿಕೊಂಡ. ತಕ್ಷಣ ಒಪ್ಪಿಕೊಂಡ. ಅದೂ ನನಗೆ ಸರಿ ಬರಲಿಲ್ಲ.

ಬಸಪ್ಪ ಅಂದರೆ ದೇವರ ಹೆಸರಲ್ಲಿ ಬಿಟ್ಟ ಬಸವ. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮನೆಯವರ ತೀರ್ಮಾನ ಮನೆಯಲ್ಲಿ ಆಗದಿದ್ದರೆ ಬಸವನನ್ನು ಕರೆಸುವುದು ವಾಡಿಕೆ. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಸಂಬಂಧ ಆಗುತ್ತದೋ ಇಲ್ಲವೋ, ಎಲ್ಲಕ್ಕೂ ಅದೇ. ಅಂಗಳದಲ್ಲಿ ಎರಡು ಮೊರ ಇಟ್ಟು, ಎರಡಕ್ಕೂ ಬಟ್ಟೆ ಮುಚ್ಚುತ್ತಾರೆ. ಬಸವ ಯಾವುದರ ಮುಂದೆ ಪಾದ ಇಡುತ್ತದೋ ಅದೇ ಅಪ್ಪಣೆ. ಮೊರದಲ್ಲಿ ಏನಿದೆ ಅಂತ ಬಸವನ ಜೊತೆ ಬಂದವರಿಗೂ ಗೊತ್ತಿರಬಾರದು. ಇಡುವವರಿಗೂ ಮನೆ ಯಜಮಾನನಿಗೂ ಮಾತ್ರ ಗೊತ್ತು.

ಇಡುವ ಕೆಲಸ ನನಗೆ ಬಂತು. ಕೊಟ್ಟ ಹೆಣ್ಣು, ಯಾವ ಕಡೆಯವಳೂ ಅಲ್ಲ ಅಂತ. ಒಂದು ಮೊರದಲ್ಲಿ ಹಳೇ ಲಾರಿಯ ಕೀ ಇಟ್ಟು ಅರಿಶಿನದಲ್ಲಿ ಅದ್ದಿದ ಬಟ್ಟೆ ಮುಚ್ಚಿದೆ. ಇನ್ನೊಂದರಲ್ಲಿ ಸುರೇಶ ಕೊಟ್ಟ ಹೊಸ ಲಾರಿಯ ಬಣ್ಣದ ಚಿತ್ರ ಇಟ್ಟು ಬಿಳಿ ಬಟ್ಟೆ ಮುಚ್ಚಿದೆ. ಅಣ್ಣನ ಕಿವಿಯಲ್ಲಿ, "ಹಳದಿ ಹಳೇದು, ಬಿಳಿ ಹೊಸದು" ಅಂತ ಹೇಳಿದೆ. ಅವನು ತಲೆ ಆಡಿಸಿದ.

ಬೀದಿಯ ಕೊನೆಯಲ್ಲಿ ಗೆಜ್ಜೆ ಸದ್ದು ಕೇಳಿಸಿತು. ಎಲ್ಲರೂ ಆರತಿ ತಟ್ಟೆ, ತುಂಬಿದ ಬಿಂದಿಗೆ ಹಿಡಿದು ಬಾಗಿಲಿಗೆ ಓಡಿದರು. ಕರ್ಪೂರ ಮರೆತಿದ್ದೆ. ಅಡುಗೆಮನೆಗೆ ವಾಪಸ್ ಬಂದು ಕಿಟಕಿಯಲ್ಲಿ ಅಂಗಳ ನೋಡಿದರೆ, ಅಣ್ಣ ಒಬ್ಬನೇ ಮೊರಗಳ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಾನೆ. ಪಂಚೆಯ ಮಡಿಲಿಂದ ಸಣ್ಣ ಡಬ್ಬಿ ತೆಗೆದ. ಬೆರಳಲ್ಲಿ ತೆಗೆದು ಒಂದು ಮೊರದ ಅಂಚಿಗೆ ಏನೋ ಸವರಿದ; ಯಾವ ಮೊರ ಅಂತ ಅವನ ಬೆನ್ನು ಅಡ್ಡವಾಗಿ ಕಾಣಲಿಲ್ಲ. ಬೆರಳು ನೆಕ್ಕಿಕೊಂಡ.

ಜೋನಿ ಬೆಲ್ಲ. ಆಲೆಮನೆಯ ಹಸಿ ಬೆಲ್ಲದ ಪಾಕ. ಯಾವ ದನ ತಾನೇ ಬಿಟ್ಟೀತು?

ನನ್ನ ಕೈಯಲ್ಲಿ ಕರ್ಪೂರ ಪುಡಿಯಾಯಿತು. ಅಲ್ಲ, ಮೇಸ್ಟ್ರಿಗೆ, ಗುಮಾಸ್ತರಿಗೆ ಲಂಚ ಕೊಡುವವರನ್ನು ನೋಡಿದ್ದೇನೆ. ಬಸವನಿಗೇ ಲಂಚವೇ? ಇಷ್ಟು ಸುಲಭವಾಗಿ ಯಾಕೆ ಒಪ್ಪಿಕೊಂಡ ಅನ್ನುವುದು ಈಗ ಗೊತ್ತಾಯಿತು. ಓಡಿಹೋಗಿ ಮೊರ ತಿರುಗಿಸಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಬಸವ ಬಾಗಿಲಿಗೆ ಬಂದಿತ್ತು, ಹಿಂದೆ ಅರ್ಧ ಊರಿತ್ತು. ಕೂಗಿದರೆ ಹೋಗುವುದು ನಮ್ಮ ಮನೆಯ ಮಾನವೇ. ಬಾಯಿ ಮುಚ್ಚಿಕೊಂಡು ಹೋಗಿ ಆರತಿ ಹಿಡಿದೆ. ನಿಮ್ಮಲ್ಲಿ ಯಾರಾದರೂ ಬೇರೆ ಏನು ಮಾಡುತ್ತಿದ್ದಿರಿ?

ಬಸವ ಗಂಭೀರವಾಗಿ ಒಳಗೆ ಬಂತು. ಅತ್ತಿಗೆ ಕಾಲು ತೊಳೆದು ಅರಿಶಿನ ಕುಂಕುಮ ಹಚ್ಚಿದಳು. ಕಣ್ಣು ಮುಚ್ಚಿ ಏನೋ ಬೇಡಿಕೊಂಡಳು. ಗಂಡನ ಜೀವ ಅಲ್ಲದೆ ಇನ್ನೇನು? ಬಸವ ಅಂಗಳದ ನಡುವೆ ನಿಂತು ಎರಡೂ ಕಡೆ ಮೂಸಿತು. ಆಮೇಲೆ ನೇರವಾಗಿ ಬಿಳಿ ಬಟ್ಟೆಯ ಮೊರದ ಹತ್ತಿರ ಹೋಯಿತು. ಅಂಚು ನೆಕ್ಕಿತು. ಬಲಗಾಲು ಎತ್ತಿ ಅದರ ಮುಂದೆ ಊರಿತು.

ನಾನು ಕಣ್ಣುಜ್ಜಿಕೊಂಡೆ. ಬಿಳಿ. ಅಂದರೆ ಹೊಸ ಲಾರಿ. ಬೆಲ್ಲ ಸವರಿದ್ದು ಅಣ್ಣ, ಹಳೇದು ಬೇಕು ಅಂದವನೂ ಅಣ್ಣ. ಮತ್ತೆ ಬಿಳಿ ಬಟ್ಟೆಯ ಮೊರಕ್ಕೆ ಯಾಕೆ ಸವರಿದ?

ಅಣ್ಣನ ಮುಖ ನೋಡಿದೆ. ಹೊಳೆಯುತ್ತಿತ್ತು. ಕೈ ಮುಗಿದು, ಊರಿಗೆಲ್ಲ ಕೇಳುವ ಹಾಗೆ ಹೇಳಿದ: "ನೋಡುದ್ರಾ? ಹಳೇ ಗಾಡಿ ಬುಡಬ್ಯಾಡ ಅಂತ ಬಸಪ್ಪನೇ ಯೋಳ್ತು." ಹೇಳಿ ಬಟ್ಟೆ ಎತ್ತಿದ. ಕೆಳಗೆ ಸುರೇಶನ ಹೊಸ ಲಾರಿಯ ಚಿತ್ರ.

ಯಾರೋ ನಕ್ಕರು. ಯಾರೋ ಬಸವನಿಗೆ ಜೈ ಅಂದರು. ಅಣ್ಣ ನಗಲಿಲ್ಲ. ಆ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದ. ನೀಲಿ ಹಾಕಿ ಒಗೆದ ಬಿಳಿ ಬಟ್ಟೆ ಅದು. ಅದರಲ್ಲಿ ಹಳದಿಯ ಸುಳಿವೂ ಇರಲಿಲ್ಲ.

ಆಗ ನನಗೆ ತಿಳಿಯಿತು. ಅವನು ಮೋಸ ಮಾಡಿದ್ದು ನಿಜ. ಆದರೆ ಹಳದಿ ಯಾವುದು, ಬಿಳಿ ಯಾವುದು ಅಂತ ಅವನಿಗೆ ಕಾಣಿಸಿಯೇ ಇರಲಿಲ್ಲ.

ಜನ ಚದುರಿದ ಮೇಲೆ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋದೆ. "ಅಣ್ಣ, ಯಾವತ್ತಿಂದ ಕಾಣಿಸ್ತಿಲ್ಲ?" ಅಂತ ಕೇಳಿದೆ.

ಮೊದಲು ಗುರಾಯಿಸಿದ. ಆಮೇಲೆ ಕಲ್ಲಿನ ಮೇಲೆ ಕೂತುಬಿಟ್ಟ. "ಓದ್ ಸುಗ್ಗಿಯಿಂದ ಕಣಮ್ಮಿ. ಅಗಲೊತ್ತು ಪರವಾಗಿಲ್ಲ, ಮಂಜು ಕವುಚ್ದಂಗೆ ಇರ್ತದೆ. ಕತ್ಲಾಗಿ ಎದ್ರು ಗಾಡಿ ಲೈಟ್ ಬಿತ್ತು ಅಂದ್ರೆ ಎಲ್ಲಾ ಬೆಳ್ಳಗೆ. ರೋಡೂ ಇಲ್ಲ, ನಾಲೇನೂ ಇಲ್ಲ."

"ಆವತ್ತು ಮೋರಿ ಹತ್ತಿರ ಬೈಕು?"

"ಯಾವ ಬೈಕೂ ಇರ್ನಿಲ್ಲ."

ಕಾರ್ಖಾನೆ ರಸ್ತೆಯಲ್ಲಿ ಅವನು ನನ್ನನ್ನು ನೋಡಿ ಮುಖ ತಿರುಗಿಸಿಕೊಂಡದ್ದು ಕೊಬ್ಬಿನಿಂದ ಅಲ್ಲ. ನಾನು ಯಾರು ಅಂತಲೇ ಅವನಿಗೆ ಗೊತ್ತಾಗಿರಲಿಲ್ಲ.

ನನಗೆ ಮೊದಲು ಬಂದದ್ದು ಕನಿಕರ ಅಲ್ಲ, ಸಿಟ್ಟು. ಹೋದ ತಿಂಗಳಷ್ಟೇ ಶಿವನಸಮುದ್ರದ ಕಡೆ ಬೀಗರೂಟಕ್ಕೆ ನಮ್ಮನ್ನೆಲ್ಲ ಇದೇ ಲಾರಿಯಲ್ಲಿ ಕರೆದುಕೊಂಡು ಹೋಗಿದ್ದ. ನನ್ನ ಮಗಳು ಮುಂದಿನ ಸೀಟಿನಲ್ಲಿ ಮಾವನ ಪಕ್ಕ ಕೂತಿದ್ದಳು. ಅದು ನೆನಪಾಗಿ ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ಎತ್ತಲಿಲ್ಲ.

"ಯಾಕೆ ಹೇಳಲಿಲ್ಲ?" ಅಂದೆ ಕೊನೆಗೆ.

"ಯೋಳಿದ್ರೆ ಕೀ ಕಿತ್ಕತಿದ್ರಿ. ಹಳೇ ಗಾಡೀಲಿ ರೋಡ್ ಗುಂಡಿ, ಗೇರು ಎಲ್ಲಾ ಕೈಕಾಲಲ್ಲೇ ಗೊತ್ತಾಯ್ತದೆ. ಹೊಸದ್ರಲ್ಲಿ ಸ್ಕ್ರೀನ್ ನೋಡಿ ಓಡಿಸ್ಬೇಕಂತೆ. ಮೊದಲ್ನೇ ದಿನವೇ ಸಿಕ್ಕಾಕತಿದ್ದೆ." ಅಂಗೈ ನೋಡಿಕೊಂಡು ಹೇಳಿದ: "ಸ್ಟೇರಿಂಗ್ ಬುಟ್ರೆ ನಾನ್ಯಾರು ಕೂಸೇ? ಅಂಗೇ ಬರೀ ಸಿವಣ್ಣ."

ಅಲ್ಲಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ, ಇಳಿಯಬಾರದು ಕೂಡ. ಹಳೇ ಲಾರಿಯ ಕೀ ಮೊರದಿಂದ ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಬಸವ ದೊಡ್ಡದು, ನನ್ನ ಮೊರೆ ಕೇಳಿತು ಅಂತ ಅತ್ತಿಗೆ ಹೇಳುತ್ತಿದ್ದಾಳೆ. ಬೆಲ್ಲ ಇದ್ದ ಕಡೆ ಹೋಯಿತು ಅಂತ ನಾನು ಹೇಳಬಹುದು. ಹೇಳಿಲ್ಲ. ಆ ಡಬ್ಬಿ ನೋಡಿದವಳು ನಾನೊಬ್ಬಳೇ, ಆದರೂ ಅತ್ತಿಗೆಯ ಮಾತು ಪೂರ್ತಿ ಸುಳ್ಳು ಅಂತ ನನಗೇ ಧೈರ್ಯವಾಗಿ ಹೇಳಲು ಬರುತ್ತಿಲ್ಲ. ಬಾಬು ಮಾತ್ರ ಮಾರನೇ ದಿನವೇ, "ನಾನು ಮೊದಲಿಂದಲೂ ಹೊಸದು ತಗೊಳ್ಳಿ ಅಂತಲೇ ಅಂತಿದ್ದೆ" ಅಂದ. ಮುಂದಿನ ವಾರ ಮಳವಳ್ಳಿಗೆ ಬೀಗರೂಟದ ಲಾರಿ ಅವನೇ ಓಡಿಸಬೇಕು ಅಂತ ಹೇಳಿದ್ದೇನೆ. ಅಷ್ಟು ಶಿಕ್ಷೆ ಇರಲಿ.

ಮಂಡ್ಯದ ಕಣ್ಣಿನ ಡಾಕ್ಟರು ನೋಡಿ ಪೊರೆ ಅಂದರು. ಎರಡೂ ಕಣ್ಣಿಗೆ. ಸಣ್ಣ ಆಪರೇಷನ್, ಅದೇ ದಿನ ಮನೆಗೆ ಹೋಗಬಹುದು, ಆಮೇಲೆ ಕಾಣಿಸುತ್ತದೆ ಅಂದರು. ಲಾರಿ ಓಡಿಸುವ ಮಾತು ಆಮೇಲೆ ಪರೀಕ್ಷೆ ಮಾಡಿ ಹೇಳುತ್ತಾರಂತೆ. ಅಲ್ಲಿಯವರೆಗೆ ಅವನ ಕೈಗೆ ಹಳೇದೂ ಇಲ್ಲ, ಹೊಸದೂ ಇಲ್ಲ. ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತುಬಿಟ್ಟ. ನಾಲೆಗೆ ಹೆದರದವನು ಸೂಜಿಗೆ ಹೆದರುತ್ತಿದ್ದ.

"ಕಣ್ಣು ಕುಯ್ತಾರಂತಲ್ಲ ಕೂಸೇ. ಯಾವ್ದುಕ್ಕೂ ಬಸಪ್ಪನ್ನ ಒಂದು ಮಾತು ಕೇಳ್ಬುಡುಮಾ?"

ಧಾರಾಳವಾಗಿ ಕೇಳೋಣ ಅಂದಿದ್ದೇನೆ. ಈ ಸಲ ಬೆಲ್ಲ ಸವರುವವಳು ನಾನು.